ರಾಜಮ್ಮ ಆಂಟಿ ಕೊನೆಗೂ ಮೆಟ್ಟಿಲಿಳಿದು ಬಂದರು

ಅಮ್ಮಾ,

ತಿರುವನಂತಪುರಕ್ಕೆ, ಉಳ್ಳೂರಿನ ನಮ್ಮ ಓಣಿಗೆ ನಾನು ವಾಪಸು ಬಂದು ಹತ್ತು ತಿಂಗಳಾಯಿತು. ನೀನಿದ್ದಿದ್ದರೆ ಬಿಡುತ್ತಿರಲಿಲ್ಲ. “ಆ ಓಣಿಯ ಹೆಸರೆತ್ತಬೇಡ ಸುಮಾ” ಅಂತ ಬಾಯಿ ಮುಚ್ಚಿಸುತ್ತಿದ್ದೆ. ಅದಕ್ಕೇ ನೀನು ಹೋಗುವ ತನಕ ಕಾದೆ, ಹೋದ ಮೇಲೂ ಮೂರು ವರ್ಷ ಕಾದೆ. ಈಗ ರಾಜಮ್ಮ ಆಂಟಿಯ ಮನೆಯ ಕೆಳಗಿನ ಭಾಗವನ್ನೇ ಬಾಡಿಗೆಗೆ ಹಿಡಿದು ತಿಂಡಿ ಅಂಗಡಿ ಹಾಕಿದ್ದೇನೆ. ಬಾಗಿಲ ಮೇಲೆ ಬೋರ್ಡು: ‘ದೇವಕಿ ಕನ್ನಡ ತಿಂಡಿ’. ಕನ್ನಡದಲ್ಲೂ ಉಂಟು, ಮಲಯಾಳದಲ್ಲೂ ಉಂಟು. ಯಾವ ಮನೆಯಿಂದ ನಿನ್ನ ಕೈಯ ತಿಂಡಿಯನ್ನು ಹೊರಗೆ ಎಸೆದರೋ ಆ ಮನೆಯ ಹಣೆಗೆ ನಿನ್ನ ಹೆಸರು ಬರೆಸಿದ್ದೇನೆ. ಮೊದಲು ನನಗೆ ಬೇಕಿದ್ದದ್ದು ಅಷ್ಟೇ. ಆಮೇಲೆ ಅಷ್ಟಕ್ಕೇ ನಿಲ್ಲಲಾಗಲಿಲ್ಲ.

ಓಣಿ ಈಗ ನಿನಗೆ ಗುರುತು ಸಿಗಲಿಕ್ಕಿಲ್ಲ. ನಾವಿದ್ದ ಹೆಂಚಿನ ಮನೆಯ ಜಾಗದಲ್ಲಿ ಸ್ಕ್ಯಾನ್ ಸೆಂಟರ್ ಎದ್ದಿದೆ. ಕೆಂಪು ಚಾಂಬಕ್ಕ ಹಣ್ಣು ಉದುರಿ ಬೀಳುತ್ತಿದ್ದ ಮೂಲೆಯಲ್ಲಿ ಆಂಬುಲೆನ್ಸುಗಳು ನಿಲ್ಲುತ್ತವೆ. ದಾಸವಾಳದ ಬೇಲಿ ಒಂದೂ ಉಳಿದಿಲ್ಲ. ಇದ್ದಬದ್ದ ಮನೆಗಳೆಲ್ಲ ಮೆಡಿಕಲ್ ಕಾಲೇಜಿಗೆ ಬರುವ ರೋಗಿಗಳ ಕಡೆಯವರಿಗೆ ಲಾಡ್ಜು, ಇಲ್ಲವೇ ನರ್ಸಿಂಗ್ ಮಕ್ಕಳಿಗೆ ಪಿ.ಜಿ. ಮಣ್ಣಿನ ದಾರಿಗೆ ಕಾಂಕ್ರೀಟು ಬಿದ್ದಿದೆ. ಆ ದಾರಿಯಲ್ಲಿ ನಾವು ಬರಿಗಾಲಲ್ಲಿ ಓಡುತ್ತಿದ್ದೆವಲ್ಲ? ಸಂಜೆ ಕರೆಂಟು ಹೋದ ಅರ್ಧ ಗಂಟೆ ಓಣಿಯ ಅಷ್ಟೂ ಮಕ್ಕಳು ನಮ್ಮ ಅಡುಗೆಮನೆಯ ಕಿಟಕಿಗೆ ಜೋತುಬೀಳುತ್ತಿದ್ದರು. “ಆಂಟೀ, ಕನ್ನಡ ಹಲ್ವ ಉಂಡೋ?” ನಿನ್ನ ಹಾಲುಬಾಯಿಗೆ ಅವರು ಇಟ್ಟ ಹೆಸರು ಅದು. ಪಕ್ಕದ ಮನೆಯ ಸಜಿಯಂತೂ ಕಿಟಕಿಗೂ ಕಾಯುತ್ತಿರಲಿಲ್ಲ. ಎರಡು ಮನೆಗಳ ನಡುವಿನ ಪಾಗಾರದಲ್ಲಿ ಕಲ್ಲು ಬಿದ್ದು ಆದ ಕಂಡಿಯಿಂದ ನುಗ್ಗಿ ಸೀದಾ ನಿನ್ನ ಒಲೆಯ ಹತ್ತಿರ ಬಂದು ಕೂರುತ್ತಿದ್ದ. ಅವನ ತಾಯಿ ರಾಜಮ್ಮ ಆಂಟಿ ಆ ಕಂಡಿಯಲ್ಲೇ ನಿಂತು ನಿನ್ನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರನ್ನು ನೀನು ಚೇಚಿ ಎಂದು ಕರೆಯುತ್ತಿದ್ದೆ. ಬಾಯಿಮಾತಿಗೆ ಕರೆದದ್ದಲ್ಲ, ಅಕ್ಕ ಅಂತಲೇ ನಂಬಿದ್ದೆ.

ಸಜಿಯ ಅಕ್ಕ ಬಿಂದುವಿನ ನಿಶ್ಚಿತಾರ್ಥದ ಹಿಂದಿನ ದಿನ ನಾವು ಚಾಲೈ ಪೇಟೆಗೆ ಹೋಗಿದ್ದು ನೆನಪಿದೆಯಾ? ಹುಡುಗನ ಕಡೆಯವರಿಗೆ ಕನ್ನಡ ಹಲ್ವವೇ ಆಗಬೇಕು ಎಂದು ಆಂಟಿ ಹಟ ಹಿಡಿದಿದ್ದರು. ಬೆಲ್ಲದ ಸಾಲಿನಲ್ಲಿ ನೀನು ಅಂಗಡಿಯಿಂದ ಅಂಗಡಿಗೆ ಹೋಗಿ ಚೂರು ಮುರಿದು ಬಾಯಿಗಿಟ್ಟು ನೋಡುತ್ತಿದ್ದೆ. ನಿನ್ನ ಅರ್ಧ ಕನ್ನಡ ಅರ್ಧ ಮಲಯಾಳ ಕೇಳಿ ಅಂಗಡಿಯವನಿಗೆ ನಗು. “ಇದು ಉಪ್ಪುಪ್ಪು ಉಂಟು ಮಾರಾಯ, ನಲ್ಲದು ಎಡುಕ್ಕು” ಎಂದು ನೀನು ಗದರಿದರೆ ಅವನು ಒಳಗಿನಿಂದ ಬೇರೆ ಅಚ್ಚು ತಂದುಕೊಟ್ಟ. ಮರುದಿನ ಬೆಳಿಗ್ಗೆ ಅಕ್ಕಿ, ತೆಂಗಿನಕಾಯಿ ನುಣ್ಣಗೆ ರುಬ್ಬಿ, ಎರಡು ತಾಸು ಉರುಳಿಯ ಮುಂದೆ ನಿಂತು ಸೌಟು ತಿರುಗಿಸಿದೆ. ಭುಜ ಬಾತುಹೋಗಿತ್ತು. ತಟ್ಟೆಗೆ ಹರಡಿ ಮೇಲೆ ತುಪ್ಪ ಸವರಿ, “ಕನ್ನಡಿಯ ಹಾಗೆ ಬಂತು ನೋಡು” ಅಂದೆ. ನಾನು ಹತ್ತನೇ ಕ್ಲಾಸು. ಹೊಸ ಲಂಗ ಹಾಕಿಕೊಂಡು ಅವರ ಮನೆಯಲ್ಲಿ ಬಂದವರಿಗೆಲ್ಲ ನಿಂಬೆ ಶರಬತ್ತು ಹಂಚಿದವಳು ನಾನೇ. ಹಂಚಿ ಹಂಚಿ ನನಗೇ ಒಂದು ಗ್ಲಾಸು ಉಳಿಯಲಿಲ್ಲ.

ಮರುದಿನ ಸಂಜೆಯ ಹೊತ್ತಿಗೆ ಹುಡುಗನ ಕಡೆಯ ಏಳೆಂಟು ಜನ ವಾಂತಿ ಭೇದಿ ಎಂದು ಮೆಡಿಕಲ್ ಕಾಲೇಜು ಸೇರಿದ್ದರು. ರಾಜಮ್ಮ ಆಂಟಿ ಆ ಕಂಡಿಯ ಹತ್ತಿರ ಬಂದದ್ದು, ಉಳಿದ ಹಾಲುಬಾಯಿಯ ತಟ್ಟೆಯನ್ನು ನಮ್ಮ ಅಂಗಳಕ್ಕೆ ಬೀಸಿ ಒಗೆದದ್ದು, ಎಲ್ಲ ನನ್ನ ಕಣ್ಣೆದುರಿಗೇ ಇದೆ. “ಇನಿ ಒನ್ನುಂ ವೇಂಡ!” ಎಂದು ಕಿರುಚಿದರು. ನಿಮ್ಮ ಮನೆಯಿಂದ ಇನ್ನು ಏನೂ ಬೇಡ. ನಿನಗೂ ಹೆಣ್ಣುಮಗಳಿದ್ದಾಳೆ, ನನ್ನ ಮಗಳಿಗೆ ಒಳ್ಳೆಯ ಸಂಬಂಧ ಬಂದದ್ದು ನೋಡಲಾರದೆ ಏನೋ ಬೆರೆಸಿದೆ ಅಂದರು. ಓಣಿಯ ಎಲ್ಲರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಎದುರುಮನೆಯ ಭಾಸ್ಕರನ್ ಸಾರ್, ಅವರ ಹೆಂಡತಿ, ಯಾರೂ ಒಂದು ಮಾತು ಎತ್ತಲಿಲ್ಲ. ನೀನು ಮಾಡಿದ್ದೇನು ಗೊತ್ತಾ? ಒಳಗೆ ಬಂದು ನಮಗೆಂದು ತೆಗೆದಿಟ್ಟಿದ್ದ ತುಂಡುಗಳನ್ನು ನನಗೂ ತಮ್ಮನಿಗೂ ಕೊಟ್ಟು, ನೀನೂ ತಿಂದೆ. “ನೋಡುವ, ನಮಗೆ ಏನಾಗ್ತದೆ ಅಂತ.” ಏನೂ ಆಗಲಿಲ್ಲ. ಅದನ್ನು ಯಾರಿಗೆ ಹೇಳುವುದು? ಅಪ್ಪ ತಲೆತಗ್ಗಿಸಿ, “ಬಿಡು ದೇವಕಿ, ನಾವು ಪರವೂರಿನವರು” ಅಂದರು. ಅಪ್ಪನ ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ವಾರದಲ್ಲೇ ಕಂಡಿಗೆ ಕೆಂಪುಕಲ್ಲು ಕಟ್ಟಿಸಿದರು. ಮಕ್ಕಳು ಕಿಟಕಿಗೆ ಬರುವುದು ನಿಂತಿತು. ನೀನು ಧೈರ್ಯ ಮಾಡಿ ಭಾಸ್ಕರನ್ ಸಾರ್ ಮನೆಗೆ ಕೊಟ್ಟೆಕಡುಬು ಕಳಿಸಿದೆ. ಅವರ ಹೆಂಡತಿ ಪಾತ್ರೆಯ ಮುಚ್ಚಳ ಕೂಡ ತೆಗೆಯದೆ ನನ್ನ ಕೈಗೇ ವಾಪಸು ಕೊಟ್ಟರು. ದಾರಿಯಲ್ಲಿ ಕೂತು ಅಷ್ಟನ್ನೂ ನಾನು ತಿಂದು, ಖಾಲಿ ಪಾತ್ರೆ ತಂದು, “ಚೆನ್ನಾಗಿತ್ತಂತೆ” ಅಂದೆ. ನೀನು ನಂಬಿದೆಯಾ? ನಂಬಿದ ಹಾಗೆ ಮಾಡಿದೆ. ಎರಡು ತಿಂಗಳಿಗೆ ಅಪ್ಪ ತಾವಾಗಿಯೇ ಬರೆದುಕೊಟ್ಟು ಕೊಚ್ಚಿಗೆ ವರ್ಗ ಮಾಡಿಸಿಕೊಂಡರು.

ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಎದುರಿನವರು ಓಣಂಗೆ ಪಾಯಸ ಕೊಟ್ಟಾಗ ನೀನು ಆ ಪಾತ್ರೆ ತೊಳೆದು, ಒಳಗೆ ಅಂಗಡಿಯ ಬಿಸ್ಕತ್ತಿನ ಪೊಟ್ಟಣ ಇಟ್ಟು ಕಳಿಸಿದೆ. ನಾನು ನೋಡುತ್ತಾ ನಿಂತಿದ್ದೆ. ಆಮೇಲೆ ಅದೇ ರೂಢಿಯಾಯಿತು. ಬದುಕಿದ್ದಷ್ಟು ದಿನ ಮನೆಯವರಲ್ಲದವರ ಎಲೆಗೆ ನೀನು ಒಂದು ಸೌಟು ಬಡಿಸಲಿಲ್ಲ. ತಮ್ಮನ ಮಗಳು ಶಾಲೆಯ ಗೆಳತಿಯರನ್ನು ಕರೆದುಕೊಂಡು ಬಂದು, ಮಲಯಾಳದಲ್ಲಿ, ಅಜ್ಜಿ ಇವರಿಗೆ ನೀರುದೋಸೆ ಮಾಡಿಕೊಡು ಎಂದರೆ, “ಬೇಡ ಮಗಾ, ಹೊರಗಿಂದ ತರಿಸುವ” ಅಂದೆ. ನಾನು ಮಾತ್ರ ಅಲ್ಲಿನ ಕಂಪನಿ ಕ್ಯಾಂಟೀನಿನಲ್ಲಿ ದಿನಕ್ಕೆ ನೂರಾರು ಜನಕ್ಕೆ ಬೇಯಿಸುತ್ತಿದ್ದೆ. ಒಂದು ದಿನ ಬಂದು ನೋಡು ಅಂದರೆ ಬರಲೇ ಇಲ್ಲ. ಹೆದರಿಕೆಯಾ ನಿನಗೆ? ನನ್ನ ಕೈಯಿಂದಲೂ ಯಾರಿಗಾದರೂ ಏನಾದರೂ ಆದರೆ ಅಂತ…

ಬಾಡಿಗೆಗೆ ಕೇಳಲು ಹೋದ ದಿನ ಸಜಿ ನನ್ನನ್ನು ನೋಡಿದ್ದೇ “ಅಯ್ಯೋ, ಕನ್ನಡ ಚೇಚಿ!” ಎಂದು ಕುಣಿದುಬಿಟ್ಟ. ರಾಜಮ್ಮ ಆಂಟಿಗೆ ಈಗ ಎಪ್ಪತ್ತೈದು ದಾಟಿದೆ. ಮಂಡಿ ನೋವು, ಮೇಲೆಯೇ ಇರುತ್ತಾರೆ, ನೋಡಿಕೊಳ್ಳಲು ಹೋಂ ನರ್ಸ್ ಇದ್ದಾಳೆ. ನನ್ನ ಗಲ್ಲ ಹಿಡಿದು, “ದೇವಕಿಯ ಮಗಳಾ? ಏನು ಕೈರುಚಿ ಅವಳದ್ದು!” ಅಂದರು. ಅಷ್ಟೇ. ಬೇರೊಂದು ಮಾತಿಲ್ಲ. ನಾನು ನಕ್ಕೆ. ಅಗ್ರಿಮೆಂಟಿಗೆ ಸಹಿ ಹಾಕಿದೆ. ದಿನಾ ಬೆಳಿಗ್ಗೆ ಹೋಂ ನರ್ಸ್ ಡಬ್ಬಿ ತರುತ್ತಿದ್ದಳು, ನಾನು ತುಂಬಿಸಿ ಕೊಡುತ್ತಿದ್ದೆ. ಬೇಡ ಎಂದು ಕಿರುಚಿದ ಬಾಯಿಗೆ ದಿನಕ್ಕೆ ಮೂರು ದೋಸೆ ಕಳಿಸುವುದರಲ್ಲಿ ಒಂದು ಖುಷಿ ಇತ್ತು ಅಮ್ಮ, ಸುಳ್ಳು ಹೇಳುವುದಿಲ್ಲ.

ಹೋದ ತಿಂಗಳು ದೊಡ್ಡ ಪೈಪು ಒಡೆದು ಎರಡು ದಿನ ನಲ್ಲಿಯಲ್ಲಿ ನೀರಿರಲಿಲ್ಲ. ಅವರ ಹಿತ್ತಲಿನ ಬಾವಿ ನನಗೆ ನೆನಪಾಯಿತು. ಈಗ ಅದರ ಬಾಯಿಗೆ ಕಾಂಕ್ರೀಟು ಚಪ್ಪಡಿ, ಅದರ ಮೇಲೆ ಸ್ಕೂಟರುಗಳು. ತೆಗೆಸಿ ಕೊಡುತ್ತೀಯಾ ಎಂದು ಸಜಿಯನ್ನು ಕೇಳಿದೆ. ಅವನು ಹಲ್ಲುಜ್ಜುತ್ತಾ ನಿಂತಿದ್ದ.

“ಆ ಬಾವಿಯಾ? ಬೇಡ ಚೇಚೀ. ಬಿಂದು ಚೇಚಿಯ ನಿಶ್ಚಯಕ್ಕೆ ಬಂದವರೆಲ್ಲ ಅದರ ನೀರು ಕುಡಿದೇ ಅಲ್ಲವಾ ಆಸ್ಪತ್ರೆ ಸೇರಿದ್ದು? ಹೊಸ ಕಕ್ಕಸಿನ ಗುಂಡಿ ತೀರಾ ಹತ್ತಿರ ತೋಡಿಸಿದ್ದರಂತೆ. ನಾನಂತೂ ಒಂದು ವಾರ ಮೊದಲೇ ಹೊಟ್ಟೆ ಕೆಟ್ಟು ಮಲಗಿದ್ದೆ. ಹೆಲ್ತಿನವರು ಬಂದು ನೀರು ಪರೀಕ್ಷೆ ಮಾಡಿ ಮುಚ್ಚಿಸಿದರು.”

“ಯಾವಾಗ?” ಅಂದೆ.

“ಅದೇ ವಾರ.”

ಅದೇ ವಾರ, ಅಮ್ಮ. ಅವರಿಗೆ ಗೊತ್ತಾದ ಮೇಲೂ ನಾವು ಆ ಓಣಿಯಲ್ಲಿ ಎರಡು ತಿಂಗಳು ಇದ್ದೆವು. ನೀನು ತಲೆತಗ್ಗಿಸಿ ಹಾಲು ತರಲು ಹೋಗುತ್ತಿದ್ದೆ, ಅವರು ಮೇಲಿನಿಂದ ನೋಡುತ್ತಿದ್ದರು. ಸಜಿಗೆ ನೀರಿನ ಕಥೆ ಗೊತ್ತಿತ್ತು. ನಿನ್ನ ಮೇಲೆ ಬಿದ್ದ ಮಾತು ಮಾತ್ರ ನೆನಪೇ ಇರಲಿಲ್ಲ. ಆ ಮನೆಯಲ್ಲಿ ಆಮೇಲೆ ಯಾರೂ ಅದನ್ನು ಆಡಿರಲೇ ಇಲ್ಲ. ನಿನ್ನ ಇಡೀ ಬದುಕು ಕೆಡಿಸಿದ್ದು ಅವರಿಗೆ ಮರೆತುಹೋಗುವಷ್ಟು ಸಣ್ಣದು.

ಮರುದಿನ ಹೋಂ ನರ್ಸ್ ಡಬ್ಬಿ ತಂದಳು. “ಮೇಲಿನವರಿಗೆ ಇಲ್ಲ” ಅಂದೆ. ಅದರ ಮರುದಿನವೂ ಅದೇ. ಆಗ ಸಜಿ ಬಂದ. “ಎಂತ ಚೇಚೀ, ಅಮ್ಮನಿಗೆ ಯಾಕೆ ಕೊಡುವುದಿಲ್ಲ?”

“ನಮ್ಮ ತಿಂಡಿಯಲ್ಲಿ ಏನೋ ಬೆರೆಸಿದ್ದೇವೆ ಅಂತ ನಿನ್ನಮ್ಮ ಒಮ್ಮೆ ಓಣಿಯೆಲ್ಲ ಕೇಳುವ ಹಾಗೆ ಹೇಳಿದ್ದರು. ಇಲ್ಲ ಅಂತ ಅವರೇ ಬಂದು ಹೇಳಲಿ. ಕೊಡುತ್ತೇನೆ.”

ಅವನು ಮೇಲೆ ಹೋದ. ಮೇಲೆ ಏನು ಮಾತಾಯಿತೋ ಗೊತ್ತಿಲ್ಲ.

ಮಾರನೆಯ ದಿನ ಎಂಟು ಗಂಟೆ, ಅಂಗಡಿ ತುಂಬಿದ ಹೊತ್ತು. ರಾಜಮ್ಮ ಆಂಟಿ ಸರಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಹೋಂ ನರ್ಸ್ ಹಿಂದೆ ಸೆರಗು ಹಿಡಿದಿದ್ದಳು. ಕಾಸರಗೋಡಿನ ನರ್ಸಿಂಗ್ ಹುಡುಗಿಯೊಬ್ಬಳು ಎದ್ದು ಕುರ್ಚಿ ಕೊಡಲು ಹೋದಳು. “ಬೇಡ, ನಿಂತೇ ಹೇಳಲಿ” ಅಂದೆ ಕನ್ನಡದಲ್ಲಿ. ಹುಡುಗಿ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು.

“ಸುಮೇ,” ಆಂಟಿ ಅಂದರು, “ನಿನ್ನ ಅಮ್ಮನ ತಿಂಡಿಯಿಂದ ಅಲ್ಲ ಮೋಳೇ. ಅದು ವೆಳ್ಳ… ನಮ್ಮ ಬಾವಿಯ ನೀರು.”

“ಉರಕ್ಕೆ” ಅಂದೆ. ಗಟ್ಟಿಯಾಗಿ ಹೇಳಿ ಅಂತ. ಮೂಲೆಯ ಮೇಜಿನಲ್ಲಿ ಭಾಸ್ಕರನ್ ಸಾರ್ ಕೂತಿದ್ದರು. ಆವತ್ತು ಬಾಗಿಲಲ್ಲಿ ನಿಂತು ಕೇಳಿದವರಲ್ಲಿ ಈಗ ಉಳಿದಿರುವುದು ಅವರೊಬ್ಬರೇ, ಕಿವಿ ಮಂದ. “ಸಾರ್‌ಗೆ ಕೇಳಿಸಲಿಲ್ಲ.”

ಇನ್ನೊಮ್ಮೆ ಹೇಳಿಸಿದೆ. ಮೂರನೆಯ ಸಲವೂ ಹೇಳಿಸಿದೆ. ಸಾರ್ ಕೈಯ ತುತ್ತನ್ನು ಎಲೆಗೆ ಹಾಕಿ ಕಣ್ಣು ಮುಚ್ಚಿದರು. ಅವರ ಹೆಂಡತಿ ಬದುಕಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

“ಗೊತ್ತಾದ ಮೇಲೂ ಯಾಕೆ ಸುಮ್ಮನಿದ್ದಿರಿ?”

“ಬಾವಿಯದ್ದು ಅಂತ ಹುಡುಗನ ಕಡೆಯವರಿಗೆ ತಿಳಿದಿದ್ದರೆ ಸಂಬಂಧ ಮುರಿಯುತ್ತಿತ್ತು. ನೀವು ಹೇಗೂ ಟ್ರಾನ್ಸ್‌ಫರ್ ಆಗಿ ಹೋಗುವವರು. ಹೋದ ಮೇಲೆ ಯಾರು ನೆನಪಿಡುತ್ತಾರೆ ಅಂದುಕೊಂಡೆ.” ಅವರು ಅಳುತ್ತಿದ್ದರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೆಲ್ಲಗೆ, “ಇನ್ನಾದರೂ ಒಂದು ದೋಸೆ ಕೊಡು” ಅಂದರು.

ಕೊಡುತ್ತೇನೆ ಅಂದಿದ್ದೆ ಅಲ್ಲವಾ? ಕೊಡಲಿಲ್ಲ. ಕಾವಲಿಯ ಮೇಲೆ ದೋಸೆ ಬೇಯುತ್ತಿತ್ತು, ಪಕ್ಕದಲ್ಲಿ ಹಿಟ್ಟಿನ ಪಾತ್ರೆ ತುಂಬಿತ್ತು. ಅವರ ಕಣ್ಣಿಗೆ ಕಣ್ಣು ಕೊಟ್ಟು, “ತೀರ್ನು” ಅಂದೆ. ಮುಗಿಯಿತು. ಆ ಹುಡುಗಿ ಅರ್ಧ ತಿಂದ ತಟ್ಟೆ ಬಿಟ್ಟು ಎದ್ದುಹೋದಳು, ಆಮೇಲೆ ಈ ಕಡೆ ಬಂದಿಲ್ಲ. ಆಂಟಿ ಮೇಲೆ ಹತ್ತಲು ತುಂಬ ಹೊತ್ತು ಹಿಡಿಯಿತು.

ನೀನಾಗಿದ್ದರೆ ಕೊಡುತ್ತಿದ್ದೆ. ಮೆಟ್ಟಿಲಿಳಿಯಲೂ ಬಿಡದೆ ನೀನೇ ಮೇಲೆ ಹೋಗಿ ಬಡಿಸಿ ಬರುತ್ತಿದ್ದೆ. ಗೊತ್ತು. ಆ ಗಳಿಗೆಯಲ್ಲಿ ನನ್ನ ಕೈ ಕೂಡ ಕಾವಲಿಯ ಕಡೆಗೆ ಹೋಗಿತ್ತು. ಆದರೆ ಇಲ್ಲಿಗೆ ಬರುವ ನಮ್ಮ ಊರಿನ ಕಡೆಯ ನರ್ಸಿಂಗ್ ಮಕ್ಕಳು ಆಗಾಗ ಹಾಲುಬಾಯಿ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ನನಗೆ ಬರುವುದಿಲ್ಲ. ಆ ದಿನದ ನಂತರ ನೀನು ಅದನ್ನು ಒಲೆಗಿಡಲೇ ಇಲ್ಲ. ಎಷ್ಟು ಅಕ್ಕಿಗೆ ಎಷ್ಟು ಬೆಲ್ಲ, ಯಾವಾಗ ಇಳಿಸುವುದು, ನಾನು ಯಾವಾಗ ನೋಡಿ ಕಲಿಯಬೇಕಿತ್ತು? ಅದು ನೆನಪಾಯಿತು. ಕೈ ಹಿಂದಕ್ಕೆ ಬಂತು. ಇದನ್ನು ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ. ನನಗೆ ಪಶ್ಚಾತ್ತಾಪ ಆಗಿದೆಯಾ ಅಂತ ಕೇಳಬೇಡ.

ನಿನ್ನೆ ಸಜಿ ಬಂದು ತಲೆ ಎತ್ತದೆಯೇ ಹೇಳಿದ, ಅಮ್ಮ ಊಟ ಸರಿ ಮಾಡುತ್ತಿಲ್ಲ, ನೀವು ಬೇರೆ ಜಾಗ ನೋಡಿಕೊಂಡರೆ ಒಳ್ಳೆಯದಿತ್ತು ಅಂತ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅಗ್ರಿಮೆಂಟು ತೆಗೆದು ತೋರಿಸಿದೆ. ಇನ್ನೂ ಎರಡು ವರ್ಷ ಎರಡು ತಿಂಗಳಿದೆ. ಈ ಸಲ ಈ ಓಣಿಯಿಂದ ನಾವು ಎದ್ದು ಹೋಗುವುದಿಲ್ಲ ಅಮ್ಮ.

ಆಂಟಿ ಮಲಗುವ ಕೋಣೆಯ ಕಿಟಕಿ ಸರಿಯಾಗಿ ನನ್ನ ಒಲೆಯ ಮೇಲಿದೆ, ಇಲ್ಲಿನ ಘಮವೆಲ್ಲ ಸೀದಾ ಅದರೊಳಗೆ. ಇವತ್ತು ಬೆಳಿಗ್ಗೆ ನಾನು ಬರುವಾಗ ಅದನ್ನು ಭದ್ರವಾಗಿ ಮುಚ್ಚಿದ್ದರು. ತಿರುವನಂತಪುರದ ಈ ಸೆಖೆಯಲ್ಲಿ ಎಷ್ಟು ಹೊತ್ತು ಅಂತ ಮುಚ್ಚಿಡಲಾಗುತ್ತದೆ? ಏಳು ಗಂಟೆಗೆ ತೆರೆದರು. ಅದನ್ನೇ ಕಾಯುತ್ತಿದ್ದ ನಾನು ಸಾಂಬಾರಿಗೆ ಇಂಗಿನ ಒಗ್ಗರಣೆ ಹಾಕಿದೆ.

ನಿನ್ನ
ಸುಮಾ