ಉಸಿರಿನ ಗೀಟುಗಳು

ಮಾರ್ಚ್ 6, ಬೆಳಿಗ್ಗೆ 6.10

ಮಾಸ್ಕ್ ತೊಳೆದು ಟವೆಲ್ ಮೇಲೆ ಒಣಗಲಿಟ್ಟೆ. ಕೊಳವೆಯಲ್ಲಿ ನೀರು ನಿಂತಿತ್ತು, ಬಚ್ಚಲಲ್ಲಿ ಕೊಡವಿದೆ. ಕನ್ನಡಿಯಲ್ಲಿ ನೋಡಿದರೆ ಕೆನ್ನೆಗಳ ಮೇಲೆ ಪಟ್ಟಿಯ ಗುರುತು, ಮೂಗಿನ ಮೇಲೆ ಕೆಂಪು ಕಲೆ. ಮೂರನೇ ರಾತ್ರಿ. ಯಂತ್ರದ ಪರದೆಯ ಪ್ರಕಾರ ಎರಡು ಗಂಟೆ ಐದು ನಿಮಿಷ ಹಾಕಿಕೊಂಡಿದ್ದೇನೆ. ಯಾವಾಗ ಕಿತ್ತೆನೋ ನೆನಪಿಲ್ಲ. ಎದ್ದಾಗ ಮಂಚದ ಕೆಳಗೆ ಬುಸ್ ಎನ್ನುತ್ತಾ ಬಿದ್ದಿತ್ತು.

ಪಕ್ಕದಲ್ಲಿ ಇವರು. ತಲೆ ದಿಂಬಿಗೆ ತಾಗಿದರೆ ಸಾಕು, ಮುಗಿಯಿತು. ಬಾಯಿ ಮುಚ್ಚಿ, ಕೈ ಎದೆಯ ಮೇಲಿಟ್ಟು, ಐವತ್ತೆರಡರ ಗಂಡಸು ಹಾಲು ಕುಡಿದ ಮಗುವಿನ ಹಾಗೆ. ಯಾವ ಪುಣ್ಯ ಮಾಡಿ ಬಂದರೋ. ನೋಡುತ್ತಾ ಕೂತರೆ ಹೊಟ್ಟೆ ಉರಿಯುತ್ತದೆ. ಎದ್ದವರು ನನ್ನ ಮಾಸ್ಕ್ ನೋಡಿ ಕೇಳುವ ಮೊದಲ ಮಾತು — “ವಿಮಾನ ಇಳೀತಾ?”

ಡಾಕ್ಟರು ಹೇಳಿದ್ದು: ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ನಿಲ್ಲುತ್ತದೆ. ಸ್ಲೀಪ್ ಆಪ್ನಿಯಾ. ಈ ಸಿಪ್ಯಾಪ್ ಯಂತ್ರ ಗಾಳಿ ಒತ್ತಿ ಗಂಟಲು ಮುಚ್ಚಿಕೊಳ್ಳದ ಹಾಗೆ ಕಾಯುತ್ತದಂತೆ. ಕಾಯಲಿ. ಸದ್ಯಕ್ಕೆ ಅದನ್ನು ನಾನೇ ಕಾಯುತ್ತಿದ್ದೇನೆ.

ಮಾರ್ಚ್ 7, ಸಂಜೆ

ಸ್ಟುಡಿಯೋಗೆ ಹೋಗಿದ್ದೆ, ಬರೀ ಮುಖ ತೋರಿಸಲು.

ಹತ್ತೊಂಬತ್ತು ವರ್ಷ ಆ ಗಾಜಿನ ಕೋಣೆಯಲ್ಲಿ ಕೂತು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿದ್ದೇನೆ. ಚರಿತ್ರೆ, ಕಾದಂಬರಿ, ಕಾನೂನು, ಒಮ್ಮೆ ಪೂರ್ತಿ ಒಂದು ಜೇನುಸಾಕಣೆಯ ಕೈಪಿಡಿ. ನನ್ನ ಕಾಯಿಲೆ ಸಿಕ್ಕಿಬಿದ್ದದ್ದೂ ಅಲ್ಲಿಯೇ. ಜನವರಿಯಲ್ಲಿ ಮೈಕಿನ ಮುಂದೆ ವಾಕ್ಯದ ನಡುವೆ ತೂಕಡಿಸಿದೆ. ರೆಕಾರ್ಡಿಂಗ್ ನೋಡಿಕೊಳ್ಳುವ ಸೌಂಡಣ್ಣ ಮೊದಲು ಭಾವಪೂರ್ಣ ಮೌನ ಅಂದುಕೊಂಡರಂತೆ. ಆಮೇಲೆ ಗೊರಕೆ. ಆಮೇಲೆ ಏನೂ ಇಲ್ಲ. ಪರದೆಯ ಮೇಲೆ ಇಪ್ಪತ್ತೆರಡು ಸೆಕೆಂಡು ಗೆರೆ ಸಪಾಟಾಗಿ ಓಡಿತಂತೆ. ಆ ತುಣುಕು ಕತ್ತರಿಸಿ ನನ್ನ ಫೋನಿಗೆ ಹಾಕಿಕೊಟ್ಟರು. “ಡಾಕ್ಟರಿಗೆ ಕೇಳ್ಸಿ ಮೇಡಂ. ಇದು ಗೊರಕೆ ಅಲ್ಲ.”

ಇವತ್ತು ನನ್ನ ಕುರ್ಚಿಯಲ್ಲಿ ಅವಳು ಕೂತಿದ್ದಳು. ನವೆಂಬರಿನಲ್ಲಿ ಸೇರಿದವಳು. ಇಪ್ಪತ್ತೊಂಬತ್ತು ವರ್ಷ. ನಾಲ್ಕು ಸಾಲು ಒಂದೇ ಉಸಿರಿಗೆ ಓದುತ್ತಾಳೆ, ಐದನೆಯದಕ್ಕೂ ಉಳಿದಿರುತ್ತದೆ. ಮನಸ್ಸಿನಲ್ಲೇ ‘ಒಂದುಸಿರಮ್ಮ’ ಎಂದು ಹೆಸರಿಟ್ಟಿದ್ದೇನೆ. ಕುರ್ಚಿಯನ್ನು ಎರಡು ಬೆರಳು ಎತ್ತರಕ್ಕೆ ಏರಿಸಿಕೊಂಡಿದ್ದಾಳೆ.

ನಿರ್ದೇಶಕಿ ಒಳಗೆ ಕರೆದರು. ದೀರ್ಘ ಕವನದ ವಿಷಯ. ನಲವತ್ತು ಪುಟ, ಹೊಳೆ ದಾಟುವ ಹೆಂಗಸಿನ ಕವನ — ಎಂ.ಎ. ಓದುವಾಗಿನಿಂದ ನನ್ನ ತಲೆದಿಂಬಿನ ಪಕ್ಕ ಇರುವುದು. ಅದನ್ನು ರೆಕಾರ್ಡ್ ಮಾಡೋಣ ಎಂದು ಎರಡು ವರ್ಷ ಬೆನ್ನು ಬಿದ್ದವಳು ನಾನು. ಓದುವವಳು ನಾನೇ ಎಂದು ಮಾತೂ ಆಗಿತ್ತು. ಈಗ ನಯವಾಗಿ ಹೇಳಿದರು: ನೀವು ಹುಷಾರಾಗಿ, ಅಲ್ಲೀತನಕ ಮೊದಲ ಭಾಗ ಅವಳು ಓದಲಿ, ಏಪ್ರಿಲ್ ಇಪ್ಪತ್ತಕ್ಕೆ ಕೊಡಬೇಕು, ಆಮೇಲೆ ನೋಡೋಣ.

ಆಮೇಲೆ ನೋಡೋಣ. ಈ ಮಾತನ್ನು ನಾನೂ ಜನಕ್ಕೆ ಹೇಳಿದ್ದೇನೆ. ಅರ್ಥ ಗೊತ್ತು.

ಮಾರ್ಚ್ 11, ಬೆಳಿಗ್ಗೆ

ನಾಲ್ಕು ಗಂಟೆ ಹಾಕಿಕೊಂಡೆ. ಬಹುಮಾನ ಏನು? ಹೊಟ್ಟೆ ತುಂಬ ಗಾಳಿ, ತಮಟೆಯ ಹಾಗೆ ಬಿಗಿದಿದೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಇವರನ್ನು ಕರೆಯಲು ಹೋದರೆ ತುಕ್ಕು ಹಿಡಿದ ಕೀಲಿನಂಥ ದನಿ ಬಂತು. ನನ್ನದೇ.

ನಿದ್ದೆ ಕೊಡುತ್ತೇನೆ, ದನಿ ಕೊಡು — ಹೀಗೆ ಚೌಕಾಶಿ ಮಾಡುತ್ತಿದೆ ಯಂತ್ರ.

ನಾಳೆ ಸ್ಟುಡಿಯೋದಲ್ಲಿ ಎರಡು ಗಂಟೆ ಓದುವುದಿದೆ, ಯಾವುದೋ ಆರೋಗ್ಯ ಪತ್ರಿಕೆ. ಈ ಗಂಟಲು ಇಟ್ಟುಕೊಂಡು ಹೋದರೆ ಕವನದ ಆಸೆ ಬಿಟ್ಟ ಹಾಗೆಯೇ. ಇವತ್ತೊಂದು ರಾತ್ರಿ ಮಾಸ್ಕ್ ಬೇಡ. ಒಂದೇ ರಾತ್ರಿ.

ಮಾರ್ಚ್ 20, ಮಧ್ಯಾಹ್ನ 2.30

ಒಂದು ರಾತ್ರಿ ಒಂಬತ್ತಾಯಿತು.

ಇವರಿಗೆ ಕಾಣಲಿ ಎಂದು ಯಂತ್ರ ಪಕ್ಕದಲ್ಲೇ ಇರುತ್ತಿತ್ತು. ದೀಪ ಆರಿದ ಮೇಲೆ ಮಾಸ್ಕ್ ದಿಂಬಿನ ಕೆಳಗೆ. ನಲವತ್ತೆಂಟು ವರ್ಷದ ಹೆಂಗಸು, ಮಾತ್ರೆ ಉಗಿದು ಕಿಟಕಿಯಾಚೆ ಎಸೆಯುವ ಮಗುವಿನ ಹಾಗೆ. ನಿನ್ನೆ ಬಸ್ಸಿನಲ್ಲಿ ನಿದ್ದೆ ಹೋಗಿ ಕೊನೇ ಸ್ಟಾಪಿನಲ್ಲಿ ಕಣ್ಣು ಬಿಟ್ಟೆ. ಕಂಡಕ್ಟರು ಖಾಲಿ ಬಸ್ಸಿನಲ್ಲಿ ನನ್ನ ಎದುರು ನಿಂತು, “ಇಲ್ಲೇ ಮನೇನಾ?” ಅಂದ.

ಇವತ್ತು ಯಂತ್ರದ ಮೇಲ್ವಿಚಾರಣೆಯ ಟೆಕ್ನಿಷಿಯನ್ ಹತ್ತಿರ ಹೋಗಲೇಬೇಕಿತ್ತು. ದಪ್ಪ ಕನ್ನಡಕದ ಹೆಂಗಸು, ನನ್ನ ಅಕ್ಕನ ವಯಸ್ಸಿರಬಹುದು. ರಾತ್ರಿಗಳ ಲೆಕ್ಕವಿರುವ ಯಂತ್ರದ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದರು. ದಿನಾ ಹಾಕ್ಕೋತೀನಿ ಎಂದು ನಾನು ಹೇಳುತ್ತಾ ಇದ್ದೆ. ಅವರು ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. ನೀಲಿ ಕಂಬಗಳು, ಆಮೇಲೆ ಒಂಬತ್ತು ದಿನ ಬರೀ ಬಯಲು.

“ನಂಗೆ ಸುಳ್ಳು ಹೇಳಿ ಪರವಾಗಿಲ್ಲಮ್ಮ, ದಿನಾ ಕೇಳ್ತೀನಿ. ಹಾರ್ಟ್‌ಗೆ ಹೇಳೋಕಾಗಲ್ಲ.”

ಅತ್ತುಬಿಟ್ಟೆ. ದನಿಯ ವಿಷಯ ಹೇಳಿದೆ, ಕವನದ ವಿಷಯ ಕೂಡ. ಒಂದುಸಿರಮ್ಮನ ವಿಷಯ ಹೇಳಲಿಲ್ಲ. ಅವರು ನಗಲಿಲ್ಲ. ನನಗೆ ನಿದ್ದೆಯಲ್ಲಿ ಬಾಯಿ ತೆರೆದುಕೊಳ್ಳುತ್ತದಂತೆ, ಮೂಗಿನಿಂದ ಹೋದ ಗಾಳಿ ಬಾಯಿಂದ ಸೋರಿ ಗಂಟಲು ಒಣಗುತ್ತದಂತೆ. ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟರು. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಯ ಬಿಸಿ ಎರಡರಿಂದ ಐದಕ್ಕೆ ಏರಿಸಿದರು. ಹಗಲು ಎಚ್ಚರ ಇರುವಾಗ ಅರ್ಧ ಗಂಟೆ ಹಾಕಿಕೊಂಡು ಏನಾದರೂ ಓದಿ, ಮುಖಕ್ಕೆ ಅಭ್ಯಾಸವಾಗಲಿ ಅಂದರು.

ಹತ್ತೇ ನಿಮಿಷದ ಕೆಲಸ. ಎರಡು ವಾರ ನಾನು ಯಂತ್ರಕ್ಕೆ ಶಾಪ ಹಾಕುತ್ತಾ ಕೂತಿದ್ದೆ.

ಮಾರ್ಚ್ 24, ರಾತ್ರಿ ಊಟಕ್ಕೆ ಮುಂಚೆ

ಇದನ್ನು ಬರೆಯಲೇಬೇಕು. ಯಾರಿಗೂ ಹೇಳುವ ಹಾಗಿಲ್ಲ.

ಇವತ್ತು ಸೌಂಡಣ್ಣನ ಕೋಣೆಯಲ್ಲಿ ಕೂತು ಅವಳು ಓದಿದ ಮೊದಲ ಭಾಗ ಕೇಳಿದೆ. ಮೂರನೇ ಪುಟಕ್ಕೆ ಬಂದಾಗ ಬೆನ್ನು ನೆಟ್ಟಗಾಯಿತು. ದೋಣಿ ದಡ ಬಿಡುವ ಆರು ಸಾಲು. ಆರೂ ಸೇರಿ ಒಂದೇ ವಾಕ್ಯ. ಅವಳು ಅದನ್ನು ಒಂಬತ್ತು ಕಡೆ ಮುರಿದು ಓದುತ್ತಾಳೆ. ಪದ, ನಿಲುಗಡೆ, ಎರಡು ಪದ, ನಿಲುಗಡೆ. ಅವಳು! ಐದನೇ ಸಾಲಿಗೂ ಉಸಿರು ಉಳಿಸಿಕೊಳ್ಳುವವಳು.

ಆ ಒಂಬತ್ತು ಜಾಗ ನನಗೆ ಬಾಯಿಪಾಠ. ಅವು ನನ್ನ ಗೀಟುಗಳು.

ನಾವು ಓದುವವರು ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಉಸಿರಿನ ಗೀಟು ಹಾಕಿಕೊಳ್ಳುತ್ತೇವೆ — ಇಲ್ಲಿ ಸ್ವಲ್ಪ ಎಳೆದುಕೋ, ಇಲ್ಲಿ ತುಂಬಿಕೋ ಎಂದು. ಕಳೆದ ವರ್ಷ ಕವನದ ಪ್ರತಿಗೆ ಗೀಟು ಹಾಕಿದಾಗ ನನಗೆ ಎರಡು ಪದಕ್ಕೊಮ್ಮೆ ಎದೆ ಖಾಲಿಯಾಗುತ್ತಿತ್ತು. ವಯಸ್ಸು ಅಂದುಕೊಂಡಿದ್ದೆ. ರಾತ್ರಿಯಿಡೀ ಉಸಿರಿಗೆ ಗುದ್ದಾಡಿದ ಮೈ ಹಗಲು ಎಷ್ಟು ತಾನೇ ಓದೀತು. ನಿರ್ದೇಶಕಿ ಆ ಪ್ರತಿಯನ್ನೇ ನನ್ನ ಡ್ರಾಯರಿನಿಂದ ತೆಗೆದು ಜೆರಾಕ್ಸ್ ಮಾಡಿಸಿ ಅವಳಿಗೆ ಕೊಟ್ಟಿದ್ದಾರೆ. ಅವಳು ಒಂದೂ ಗೀಟು ಬಿಡದೆ ಪಾಲಿಸಿದ್ದಾಳೆ.

ಅಂದರೆ ಅವಳು ಓದುತ್ತಿರುವುದು ಕವನವನ್ನಲ್ಲ. ನನ್ನ ಕಾಯಿಲೆಯನ್ನು.

ನಿರ್ದೇಶಕಿ ಕಣ್ಣು ಮುಚ್ಚಿ ಕೇಳುತ್ತಿದ್ದರು. “ಆ ನಿಲುಗಡೆ ನೋಡಿ. ದೋಣಿ ಹಿಂಜರೀತಾ ಇದೆ, ಹೆಂಗಸೂ ಹಿಂಜರೀತಾ ಇದ್ದಾಳೆ. ಎಷ್ಟು ಯೋಚನೆ ಮಾಡಿ ಗುರುತು ಹಾಕಿದ್ದೀರಿ ನೀವು.”

ನಾನು ತಲೆಯಾಡಿಸಿದೆ. ಮನೆಗೆ ಬರುವಾಗ ಹೆಜ್ಜೆ ಹಗುರಾಗಿತ್ತು. ಹಾಗೆಯೇ ಓದಲಿ. ಕುಂಟಲಿ. ಹೆಸರು ಅವಳದು ಬರುತ್ತದೆ, ಕುಂಟೂ ಅವಳದಾಗಲಿ.

ಮಾರ್ಚ್ 29, ಬೆಳಿಗ್ಗೆ 6.40

ಏಳು ಗಂಟೆ ಹತ್ತು ನಿಮಿಷ. ಉಸಿರು ನಿಂತದ್ದು ಗಂಟೆಗೆ ಮೂರು ಸಲ. ಮೂರು!

ಕನಸು ಬಿತ್ತು. ಎಷ್ಟು ವರ್ಷವಾಗಿತ್ತು… ಕನಸಿನಲ್ಲಿ ಏನೂ ಆಗಲಿಲ್ಲ, ಯಾರದೋ ಮನೆಯ ಮೆಟ್ಟಿಲು ಹತ್ತುತ್ತಿದ್ದೆ, ಏದುಸಿರಿಲ್ಲದೆ. ಅಷ್ಟಕ್ಕೇ ಎದ್ದು ಕೂತು ಸುಮ್ಮನೆ ನಕ್ಕೆ.

ಗಂಟಲು ಒಣಗಿಲ್ಲ. ಸ್ವಲ್ಪ ಒರಟು ಇದೆ, ಅಷ್ಟೇ. ಅಡುಗೆಮನೆಯಲ್ಲಿ ನೀರು ಕಾಯಲಿಟ್ಟು ಆ ಆರು ಸಾಲು ಶುರುಮಾಡಿದೆ. ಗೀಟು ಹಾಕಿದ್ದಲ್ಲೆಲ್ಲ ನಿಲ್ಲುವ ಅಗತ್ಯವೇ ಬರಲಿಲ್ಲ. ಮೂರನೇ ಸಾಲಿನ ಕೊನೆಗೆ ಒಂದು ಸಣ್ಣ ಉಸಿರು, ಮತ್ತೆ ಕೊನೆಯವರೆಗೆ. ಮೈ ಜುಮ್ಮೆಂದಿತು. ದೋಣಿ ಹಿಂಜರಿಯುವುದೇ ಇಲ್ಲ! ಸೆಳವು ಅದನ್ನು ಎಳೆದುಕೊಂಡು ಹೋಗುತ್ತದೆ. ಹೆಂಗಸಿಗೆ ತಿರುಗಿ ನೋಡಲು ಪುರಸೊತ್ತಿಲ್ಲ. ವಾಕ್ಯ ಒಂದೇ ಆಗಿರುವುದು ಅದಕ್ಕೇ. ಇಪ್ಪತ್ತೈದು ವರ್ಷ ಈ ಪುಸ್ತಕದ ಪಕ್ಕ ಮಲಗಿದ್ದೇನೆ, ಇದು ಗೊತ್ತಿರಲಿಲ್ಲ.

ಇವರು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

“ನೀನು ಯಾವಾಗ್ಲೂ ಓದ್ತಿದ್ದ ಪದ್ಯಾನೇ ಏನೇ ಇದು?”

ಹೌದು ಅಂದೆ. ಅಲ್ಲ ಅನ್ನಬೇಕಿತ್ತು.

ಮಾರ್ಚ್ 30

ಹೇಳಬೇಕು. ಹೇಳಿದರೆ ಅವಳು ಸರಿಯಾಗಿ ಓದುತ್ತಾಳೆ. ಹೇಳದಿದ್ದರೆ ಕಣ್ಣಿಲ್ಲದ ಸಾವಿರ ಜನ ಈ ಕವನ ಕುಂಟುತ್ತದೆ ಎಂದೇ ತಿಳಿಯುತ್ತಾರೆ, ಅವರಿಗೆ ಪುಸ್ತಕ ತೆರೆದು ನೋಡುವ ದಾರಿಯಿಲ್ಲ.

ಇಷ್ಟು ಸ್ಪಷ್ಟವಾಗಿದೆ. ಆದರೂ ಇವತ್ತು ಹೇಳಲಿಲ್ಲ.

ಏಪ್ರಿಲ್ 1, ಸಂಜೆ

ಹೇಳಿದೆ. ಕ್ಯಾಂಟೀನಿನಲ್ಲಿ, ಅವಳು ಬಿಸಿನೀರು ತುಂಬಿಕೊಳ್ಳುತ್ತಿದ್ದಾಗ. ಗೀಟು ಯಾಕೆ ಹಾಗಿವೆ, ನನಗೆ ಏನಾಗಿತ್ತು, ಎಲ್ಲ. ಇಪ್ಪತ್ತನಾಲ್ಕರಂದೇ ಗೊತ್ತಾಗಿತ್ತು ಎಂಬುದನ್ನೂ. ಮುಚ್ಚಿಡಬಹುದಿತ್ತು. ಇಡಲಿಲ್ಲ.

ಅತ್ತು ಕಾಲಿಗೆ ಬೀಳುತ್ತಾಳೆ, ಇಲ್ಲಾ ಥ್ಯಾಂಕ್ಸ್ ಮೇಡಂ ಅನ್ನುತ್ತಾಳೆ ಎಂದು ಎಲ್ಲೋ ಅಂದುಕೊಂಡಿದ್ದೆನೋ ಏನೋ. ಬಾಟಲಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ದನಿ ಏರಿಸಲಿಲ್ಲ.

“ಮನೇಲಿ ದಿನಾ ಪ್ರ್ಯಾಕ್ಟೀಸ್ ಮಾಡಿದೀನಿ ಮೇಡಂ, ಅರ್ಧಕ್ಕೇ ಉಸಿರು ಕಟ್ ಮಾಡೋದನ್ನ. ನಂಗೆ ಪದ್ಯ ಓದೋಕೆ ಬರಲ್ಲ, ಬರೀ ಉದ್ದ ಉಸಿರಿದೆ, ಬುದ್ಧಿ ಇಲ್ಲ ಅಂತ ನನ್ನ ಮೇಲೇ ಕೋಪ ಮಾಡ್ಕೊಂಡಿದ್ದೆ. ನೀವು ಒಂದು ವಾರ ಕೂತು ನೋಡ್ತಿದ್ರಾ?”

“ಹೂಂ.”

“ಯಾಕೆ?”

“ಹೊಟ್ಟೆಕಿಚ್ಚು,” ಅಂದೆ.

ಜೋರಾಗಿ ಹೇಳಿದ್ದು ಜೀವನದಲ್ಲಿ ಇದೇ ಮೊದಲು. ಅವಳು ಸ್ವಲ್ಪ ಹೊತ್ತು ನನ್ನ ಕೆನ್ನೆಯ ಮೇಲಿನ ಪಟ್ಟಿಯ ಗುರುತನ್ನೇ ನೋಡಿದಳು. “ಬನ್ನಿ, ದೊಡ್ಡ ಮೇಡಂಗೆ ನೀವೇ ಹೇಳಿ,” ಅಂದು ಮುಂದೆ ನಡೆದಳು.

ನಿರ್ದೇಶಕಿ ಹಳೇ ಪ್ರತಿ ತೆಗೆದು ಮೂರನೇ ಪುಟದ ಗೀಟುಗಳನ್ನು ಒಂದೊಂದಾಗಿ ಎಣಿಸಿದರು. ತಾವು ಕಣ್ಣು ಮುಚ್ಚಿ ಮೆಚ್ಚಿದ್ದು ನೆನಪಾಗಿರಬೇಕು. ಮೊದಲ ಭಾಗ ಪೂರ್ತಿ ಮತ್ತೆ ಓದಬೇಕು, ದಿನಗಳೂ ಕಡಿಮೆ. ನಾಳೆ ಇಬ್ಬರೂ ಗೀಟಿಲ್ಲದ ಹೊಸ ಪ್ರತಿಯಿಂದ ಮೂರನೇ ಪುಟ ಓದಿ, ಒಬ್ಬರನ್ನು ಆರಿಸುತ್ತೇನೆ ಅಂದರು.

ಏಪ್ರಿಲ್ 2, ಮಧ್ಯಾಹ್ನ

ಓದಿದೆ. ಚೆನ್ನಾಗಿಯೇ ಓದಿದೆ. ಸೌಂಡಣ್ಣ ಹೆಡ್‌ಫೋನಿನಲ್ಲಿ, “ಮೇಡಂ, ನಿಮ್ಮ ಉಸಿರಿನ ಸದ್ದು ಕತ್ತರಿಸೋ ಕೆಲಸಾನೇ ಇಲ್ಲ ಇವತ್ತು,” ಅಂದರು. ಒಂದು ಕ್ಷಣ ಕವನ ನನಗೇ ಸಿಕ್ಕಿಬಿಟ್ಟಿತು ಅನ್ನಿಸಿತು.

ಆಮೇಲೆ ಅವಳು ಓದಿದಳು. ಗಾಜಿನಾಚೆ ನಿಂತು ಕೇಳಿದೆ.

ಏಪ್ರಿಲ್ 3

ಅವಳಿಗೇ ಕೊಟ್ಟರು. ನಿಮಗೆ ಉಸಿರು ಬಂದಿದೆ, ದನಿ ಇನ್ನೂ ದಾರಿಯಲ್ಲಿದೆ, ನಲವತ್ತು ಪುಟ ತಡೆಯಲಾರದು ಅಂದರು ನಿರ್ದೇಶಕಿ. ಸುಳ್ಳಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ನನ್ನನ್ನು ಹೊರಗೆ ಕೂರಿಸುತ್ತಾರಂತೆ, ಪುಸ್ತಕ ಹಿಡಿದು ತಪ್ಪು ಹಿಡಿಯುವ ಕೆಲಸಕ್ಕೆ. ತಪ್ಪಾದರೆ ಗುಂಡಿ ಒತ್ತಿ ನಿಲ್ಲಿಸಿ ಮತ್ತೆ ಓದಿಸಬೇಕು. ಅವಳೇ ಕೇಳಿದಳಂತೆ ನಾನೇ ಇರಲಿ ಎಂದು. ಯಾಕೆ ಎಂದು ನಿರ್ದೇಶಕಿ ಕೇಳಿದ್ದಕ್ಕೆ, “ನನ್ನ ತಪ್ಪು ಅವರಷ್ಟು ಆಸೆಪಟ್ಟು ಯಾರೂ ಹುಡುಕಲ್ಲ,” ಅಂದಳಂತೆ.

ನಗಲೋ ಬೇಡವೋ ತಿಳಿಯಲಿಲ್ಲ. ನಿನ್ನೆ ರಾತ್ರಿ ಆರೂವರೆ ಗಂಟೆ ಮಾಸ್ಕ್. ಹೊಟ್ಟೆಕಿಚ್ಚಿಗೂ ಒಳ್ಳೇ ನಿದ್ದೆ ಬರುತ್ತದೆ ಅಂತಾಯಿತು.

ಏಪ್ರಿಲ್ 5, 11.40, ಸ್ಟುಡಿಯೋ — ಕಾಫಿ ವಿರಾಮ

ಮೂರನೇ ಪುಟ ಆಯಿತು.

ಆರು ಸಾಲನ್ನು ಒಂದೇ ಸೆಳವಿನಲ್ಲಿ ದಾಟಿದಳು. ಕೊನೆಯ ಸಾಲಿನಲ್ಲಿ ಒಂದು ಪದದ ಬಾಲ ನುಂಗಿದಳು. ಕೂದಲೆಳೆಯಷ್ಟು. ಸೌಂಡಣ್ಣ ಮೀಟರು ನೋಡುತ್ತಿದ್ದರು, ಅವರಿಗೆ ಗೊತ್ತಾಗಲಿಲ್ಲ. ನಿರ್ದೇಶಕಿಯ ಕಣ್ಣು ಮುಚ್ಚಿತ್ತು. ನನಗೆ ಮಾತ್ರ ಕೇಳಿತು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತದೆ ಬಿಟ್ಟರೆ ಆ ನುಂಗಿದ ಪದ ಎಂದೆಂದಿಗೂ ಹಾಗೆಯೇ ಇರುತ್ತದೆ, ಅವಳ ಹೆಸರಿನ ಪಕ್ಕ, ನನಗೊಬ್ಬಳಿಗೇ ಗೊತ್ತಿದ್ದು. ಎಣಿಸಿದೆ — ಎರಡು ಸೆಕೆಂಡು, ಮೂರು. ಅವಳು ಮುಂದಿನ ಸಾಲಿಗೆ ಉಸಿರು ಎಳೆದುಕೊಂಡಳು.

ಒತ್ತಿದೆ. ಕೊನೇ ಸಾಲು ಇನ್ನೊಂದು ಸಲ, ಅಂದೆ.

ಗಾಜಿನಾಚೆಯಿಂದ ನೋಡಿ ತಲೆಯಾಡಿಸಿದಳು. ಒಂದು ಸಾಲಲ್ಲ, ಆರೂ ಸಾಲು ಮೊದಲಿನಿಂದ ಓದಿದಳು. ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿ. ನಾನು ಕನಸಿನಲ್ಲೂ ಓದಲಾರದಷ್ಟು. ನನಗೆ — ಸೌಂಡಣ್ಣ ಕರೆಯುತ್ತಿದ್ದಾರೆ, ನಾಲ್ಕನೇ ಪುಟ.