ಜರಿಯಿಲ್ಲದ ಮದುವೆ

ಇಟ್ಟಮಡು, ಬೆಂಗಳೂರು
16 ಏಪ್ರಿಲ್ 1998

ಪ್ರೀತಿಯ ರಾಜಿ,

ನಿನ್ನ ಕೈ, ಕುತ್ತಿಗೆ ಈಗ ಹೇಗಿವೆ? ಹಳೆಯ ಸುಟ್ಟ ಗಾಯಗಳೆಲ್ಲ ಈ ಬಿಸಿಲಿಗೆ ಮತ್ತೆ ಕಡಿಯುತ್ತಿರಬೇಕು. ಡಾಕ್ಟರು ಬರೆದುಕೊಟ್ಟ ಮುಲಾಮು ದಾವಣಗೆರೆಯಲ್ಲಿ ಸಿಗದಿದ್ದರೆ ತಿಳಿಸು, ಇಲ್ಲಿಂದ ಕಳಿಸುತ್ತೇನೆ. ನೀನು ತಿಳಿಸುವುದಿಲ್ಲ, ಗೊತ್ತು. ಫೋನ್ ಮಾಡಿದಾಗಲೆಲ್ಲ ನಿನ್ನ ಸೋದರತ್ತೆ ದಾನಮ್ಮ "ಸ್ನಾನಕ್ಕೆ ಹೋಗಿದಾಳೆ" ಎನ್ನುತ್ತಾರೆ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀಯೇ? ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಪ್ಪನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ಕದ್ದು ತಿನ್ನುವುದು ಮಾತ್ರ ಬಿಟ್ಟಿಲ್ಲ.

ನಿನ್ನ ತಂಗಿಯ ಮದುವೆ ಮೇ ಹತ್ತಕ್ಕೆ, ಭಾನುವಾರ. ಸುನಿತಾಗೆ ಛತ್ರ ಬೇಡವಂತೆ. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ, ಬಂದವರಿಗೆ ಪಾನಕ, ಮಜ್ಜಿಗೆ, ಊಟ. ಅದೂ ಹೋಗಲಿ. ಲಗ್ನಪತ್ರಿಕೆಯ ಕೊನೆಗೆ "ದಯವಿಟ್ಟು ಎಲ್ಲರೂ ಹತ್ತಿ ಬಟ್ಟೆಯಲ್ಲಿ ಬನ್ನಿ, ರೇಷ್ಮೆ, ಜರಿ ಬೇಡ" ಎಂದು ಅಚ್ಚು ಹಾಕಿಸಿಬಿಟ್ಟಿದ್ದಾಳೆ. ನನಗೆ ತಲೆ ಕೆಟ್ಟುಹೋಯಿತು. ಎದುರುಮನೆ ಸೀತಾಲಕ್ಷ್ಮಿ ಕಾರ್ಡ್ ಓದಿ, "ಏನ್ರೀ ಮೀನಾಕ್ಷಮ್ಮ, ಹಂಗಾದ್ರೆ ನೈಟೀಲೇ ಬಂದ್ಬಿಡ್ಲಾ?" ಅಂದಳು. ಬೀಗಿತ್ತಿ ಜಯದೇವಿಯವರು ಮಾತ್ರ "ಈ ಸೆಕೆಗೆ ಒಳ್ಳೇದೇ ಆಯ್ತು ಬಿಡಿ" ಎಂದು ನಕ್ಕರು. ನಾನು ಒಂದು ವಾರ ಸುನಿತಾಳ ಜೊತೆ ಮಾತು ಬಿಟ್ಟೆ.

ಮೊನ್ನೆ ಬೀರುವಿನಿಂದ ನನ್ನ ಧಾರೆ ಸೀರೆ ಹೊರಗೆ ತೆಗೆದೆ. ಇದನ್ನೇ ಉಡುತ್ತೇನೆ, ಯಾರು ತಡೆಯುತ್ತಾರೋ ನೋಡೋಣ ಎಂದು. ಆಗ ಸುನಿತಾ ಮೆಲ್ಲಗೆ ಅಂದಳು: "ಅಕ್ಕನ ಕುತ್ತಿಗೆಗೆ ಜರಿ ತಾಗಿದ್ರೆ ರಕ್ತ ಬರತ್ತಮ್ಮ. ಅವಳೊಬ್ಳೇ ಕಾಟನ್ ಸೀರೇಲಿ ಕೂತ್ರೆ ಎಲ್ರೂ ಅವಳನ್ನೇ ನೋಡ್ತಾರೆ. ಎಲ್ರೂ ಒಂದೇ ಥರ ಇದ್ರೆ ಬರ್ತಾಳೇನೋ." ನಾನು ಸೀರೆ ಮಡಿಸಿ ಮತ್ತೆ ಬೀರುವಿನೊಳಗೆ ಇಟ್ಟೆ. ಹೋದ ವರ್ಷ ಈ ಮನೆಯ ಗೃಹಪ್ರವೇಶಕ್ಕೆ ನಿನಗೆ ರೇಷ್ಮೆ ಉಡಿಸಿದವಳು ನಾನು. ಬಂದವರಿಗೆ ಸುಟ್ಟ ಕಲೆ ಕಾಣಬಾರದೆಂದು ಕುತ್ತಿಗೆ ಮುಚ್ಚುವ, ತುಂಬು ತೋಳಿನ ರವಿಕೆ ಹೊಲಿಸಿದವಳೂ ನಾನೇ. ನೀನು ಊಟದವರೆಗೆ ಕೂತಿದ್ದು ಸಂಜೆಯ ಬಸ್ಸಿಗೆ ಹೊರಟುಹೋದೆ. ಬಿಚ್ಚಿಟ್ಟ ರವಿಕೆಯ ಒಳಗೆ ರಕ್ತದ ಕಲೆಯಿತ್ತು. ಯಾರಿಗೂ ಹೇಳದೆ ಒಗೆದಿಟ್ಟೆ. ತಂಗಿಗೆ ಹೊಳೆದದ್ದು ಹೆತ್ತವಳಿಗೆ ಹೊಳೆಯಲಿಲ್ಲ. ನಾಚಿಕೆಯಾಗುತ್ತದೆ ರಾಜಿ.

ಜಯನಗರ ಫೋರ್ತ್ ಬ್ಲಾಕಿನಿಂದ ನಿನಗೊಂದು ಹಸಿರು, ನನಗೊಂದು ನೀಲಿ, ಮೆತ್ತನೆಯ ಹತ್ತಿ ಸೀರೆ ತಂದಿದ್ದೇನೆ. ಗಂಜಿ ಹೋಗಲೆಂದು ನಿನ್ನದನ್ನು ಮೂರು ಸಲ ಒಗೆದೆ. ರವಿಕೆಗೆ ಅರ್ಧ ತೋಳು ಸಾಕೆಂದು ಟೈಲರ್ ತಿಪ್ಪಣ್ಣನಿಗೆ ಹೇಳಿದ್ದೇನೆ. ಕಂಡರೆ ಕಾಣಲಿ.

ದಾನಮ್ಮನವರಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಮೀನಾಕ್ಷಮ್ಮ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಟಪಾಲು ತೆಗೆಯುವ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಕವರು ಅಂಟಿಸಲಾರೆ. ಆರು ವರ್ಷದ ಹಿಂದೆ "ಆ ಮನೆಗೆ ಮತ್ತೆ ಕಳಿಸ್ಬೇಡಮ್ಮ" ಎಂದು ನೀನು ನನ್ನ ಸೆರಗು ಹಿಡಿದಿದ್ದೆ. "ಅಡ್ಜಸ್ಟ್ ಮಾಡ್ಕೋ" ಎಂದು ಆಟೋ ಹತ್ತಿಸಿದವಳು ನಾನು. ಹತ್ತೇ ದಿನಕ್ಕೆ ನಿನ್ನನ್ನು ಆಸ್ಪತ್ರೆಯಲ್ಲಿ ನೋಡಿದೆ. ಬೆಂಕಿ ಹಚ್ಚಿದ್ದು ಗಂಡನೇ ಎಂದು ನೀನು ನನ್ನ ಕಿವಿಯಲ್ಲಿ ಹೇಳಿದೆ. ನಾನು ಕೇಳಿದವರಿಗೆಲ್ಲ ಸ್ಟವ್ ಸಿಡಿಯಿತು ಎಂದೆ, ಸುನಿತಾಳಿಗೆ ಗಂಡು ಸಿಗಬೇಕಲ್ಲ ಎಂದು. ನಿನ್ನೆ ಜೆ.ಪಿ. ನಗರಕ್ಕೆ ಹೋಗಿ ಜಯದೇವಿಯವರಿಗೆ ಎಲ್ಲವನ್ನೂ ಹೇಳಿ ಬಂದೆ. ಅವರು "ದೊಡ್ಡ ಮಗಳ ಹೆಸ್ರೇನ್ರೀ?" ಎಂದು ಕೇಳಿದರು. ನಿನ್ನ ಹೆಸರನ್ನೂ ನಾನು ಅವರಿಗೆ ಹೇಳಿರಲಿಲ್ಲ, ರಾಜಿ. ಬಾ, ನನ್ನ ಪಕ್ಕದಲ್ಲಿ ಕೂತುಕೋ. ಬಂದವರಿಗೆಲ್ಲ ನಿಜ ಹೇಳುತ್ತೇನೆ.