ತಾತನನ್ನು ಕ್ರೇನಿನಿಂದ ಇಳಿಸಿದವರು

ಮನೆಯಿಂದ,
ಹದಿನೇಳನೇ ತಾರೀಕು, ಮಂಗಳವಾರ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಶಾಸ್ತ್ರಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಊಟ ಸೇರುತ್ತಿದೆಯಾ, ತಲೆ ಸುತ್ತುತ್ತದಾ, ಎದೆ ಯಾವಾಗಲಾದರೂ ಡವಡವ ಎನ್ನುತ್ತದಾ, ಎಲ್ಲಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆ. "ಆರಾಮಾಗಿದ್ದೀನಿ" ಅಂತ ಒಂದೇ ಸಾಲು ಗೀಚಿದರೆ ನಾನು ಒಪ್ಪುವವಳಲ್ಲ. ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಒಂದನೇ ತಾರೀಕಿನಿಂದ ಬಂದರಿನ ಎತ್ತರದ ಕ್ರೇನನ್ನು ನಿನ್ನ ಕೈಗೆ ಕೊಡುತ್ತಾರೆಂದು ಬೀದಿಯವರಿಗೆಲ್ಲ ಸಾರಿ ಬಂದಿದ್ದಾಳೆ. ನಾನೂ ಹಿಗ್ಗಿದ್ದೆ, ಸುಳ್ಳು ಹೇಳುವುದಿಲ್ಲ. ಈಗ ನಾಲ್ಕು ದಿನದಿಂದ ಆ ಹಿಗ್ಗೆಲ್ಲ ಇಳಿದುಹೋಗಿದೆ. ಫೋನಿನಲ್ಲಿ ಹೇಳಿದರೆ ನೀನು ನಗೆಯಾಡಿ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಅಮ್ಮನಿಗೆ ವಂಶವೃಕ್ಷ ಬರೆಸಿ ಗೋಡೆಗೆ ಹಾಕುವ ಹುಚ್ಚು ಹಿಡಿದಿದೆಯಲ್ಲ, ತಾತ ಹುಟ್ಟಿದ ವರ್ಷ ಯಾರಿಗೂ ಗೊತ್ತಿರಲಿಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿನ ನೌಕರರ ಕಾರ್ಡುಗಳನ್ನೆಲ್ಲ ಗ್ರಂಥಾಲಯದ ನೆಲಮಾಳಿಗೆಗೆ ತಂದು ಸುರಿದಿದ್ದಾರೆಂದು ತಿಳಿದು ಅಲ್ಲಿಗೆ ಹೋದೆ. ಅದನ್ನು ನೋಡಿಕೊಳ್ಳುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೆಲಸಗಾರರ ಬಿಲ್ಲೆ ನಂಬರ್ ಇಲ್ದೆ ಬಂದ್ರಾ? ಹಾಗಾದ್ರೆ ನಾಳೆಯಿಂದ ಊಟದ ಡಬ್ಬಿನೂ ತನ್ನಿ" ಎಂದಳು. ಮೂರು ದಿನ ಸೀನಿ ಸೀನಿ ಮೂಗು ಕೆಂಪಾಯಿತು. ಕೊನೆಗೆ ಸಿಕ್ಕಿತು. ತಾತನೂ ಅವನ ತಮ್ಮ ಚಿಕ್ಕತಾತನೂ ಒಂದೇ ದಿನ ಕ್ರೇನ್ ಕೆಲಸಕ್ಕೆ ಸೇರಿದ್ದರಂತೆ, ಇಬ್ಬರ ಕಾರ್ಡುಗಳೂ ಗುಂಡುಸೂಜಿಯ ತುಕ್ಕಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಚಿಕ್ಕತಾತನ ಕಾರ್ಡಿನಲ್ಲಿ ಗುರುತಿನ ಚಿಹ್ನೆ, ಎಡಹುಬ್ಬಿನ ಪಕ್ಕ ಮಚ್ಚೆ ಎಂದು ಓದಿದಾಗ ನಿನ್ನ ಮುಖವೇ ಕಣ್ಣ ಮುಂದೆ ಬಂತು.

ತಾತನನ್ನು ನಾವು ತೂಕಡಿಕೆ ತಾತ ಎಂದೇ ಕರೆಯುತ್ತಿದ್ದೆವಲ್ಲ. ಕ್ರೇನಿನಲ್ಲಿ ನಿದ್ದೆ ಮಾಡಿ ಸಿಕ್ಕಿಬಿದ್ದು ಗೇಟು ಕಾಯುವ ಕೆಲಸಕ್ಕೆ ಬಂದವನು ಎಂದು ನಕ್ಕದ್ದೇ ನಕ್ಕದ್ದು. ತಾತ ಸಾಯುವವರೆಗೂ "ಆ ಹಾಳು ಮೇಸ್ತ್ರಿ ಚಾಡಿ ಹೇಳಿ ನನ್ನ ನೆಲಕ್ಕಿಳಿಸಿದ" ಎಂದು ಶಪಿಸುತ್ತಿದ್ದ. ಕಾರ್ಡಿನಲ್ಲಿ ಬರೆದಿರುವುದೇ ಬೇರೆ: ಕ್ರೇನಿನಿಂದ ಗೇಟಿಗೆ ವರ್ಗ, ಕಾರಣ ಆಗಾಗ ಎಚ್ಚರ ತಪ್ಪುವುದು, ಹೆಂಡತಿಯ ಅರ್ಜಿ ಲಗತ್ತಿಸಿದೆ. ಹೌದು, ನಮ್ಮ ಅಜ್ಜಿ! ಯಾರ ಕೈಯಲ್ಲೋ ಬರೆಸಿ ಹೆಬ್ಬೆಟ್ಟು ಒತ್ತಿದ್ದಾಳೆ. "ನಮ್ಮ ಯಜಮಾನ್ರು ಮನೇಲಿ ಮೂರು ಸಲ ಎಚ್ಚರ ತಪ್ಪಿ ಬಿದ್ದಿದ್ದಾರೆ. ಕೇಳಿದ್ರೆ ನಿದ್ದೆ ಅಂತಾರೆ. ದಯಮಾಡಿ ಮೇಲೆ ಹತ್ತಿಸಬೇಡಿ. ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗೋದು ಬೇಡ." ತಾತ ಮೇಸ್ತ್ರಿಗೆ ಹಿಡಿಶಾಪ ಹಾಕುತ್ತಿದ್ದಾಗಲೆಲ್ಲ ಅವಳು ತುಟಿಪಿಟಕ್ಕೆನ್ನದೆ ಬಡಿಸುತ್ತಿದ್ದದ್ದು ನೆನಪಾಗಿ ಅಲ್ಲೇ ಕೂತು ಅತ್ತೆ. ತಾತ ಎಂಬತ್ತೊಂದು ವರ್ಷ ಬದುಕಿದ.

ಚಿಕ್ಕತಾತನ ಪರವಾಗಿ ಯಾರೂ ಅರ್ಜಿ ಕೊಟ್ಟಿರಲಿಲ್ಲ. ಅವನು ಮಳೆಗಾಲದಲ್ಲಿ ಕ್ರೇನಿನಿಂದ ಕಾಲು ಜಾರಿ ಬಿದ್ದು ತೀರಿಹೋದ ಎಂದಲ್ಲವಾ ನಾವು ಕೇಳಿದ್ದು? ಅವನ ಕಾರ್ಡಿನ ಹಿಂದೆ ಕೆಳಗೆ ನಿಂತಿದ್ದವರ ಹೇಳಿಕೆ ಇದೆ: ಬಿಸಿಲಿತ್ತು, ಜಾರಲಿಲ್ಲ, ಕೂಗಲೂ ಇಲ್ಲ, ಕೂತಲ್ಲೇ ತಲೆ ಬಾಗಿತು, ಆಮೇಲೆ ಬಿದ್ದರು. ಅವನಿಗೆ ಆಗ ಮೂವತ್ತನಾಲ್ಕು. ನಿನಗೆ ಈಗ ಎಷ್ಟು ಎಂದು ನಾನು ಬರೆಯಬೇಕಾಗಿಲ್ಲ.

ನಮ್ಮಪ್ಪ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದರು, ನಾವು ಕಿವಿಗೆ ದಾರ ಹಾಕಿ ಕಚಗುಳಿಯಿಡುತ್ತಿದ್ದೆವು, ಅವರು ಏಳುತ್ತಿರಲಿಲ್ಲ. ಅದು ನಿದ್ದೆಯಾ? ಹೋದ ತಿಂಗಳು ನಿನ್ನ ಹೆಂಡತಿ, "ಅತ್ತಿಗೆ, ನಿಮ್ಮ ತಮ್ಮ ತಟ್ಟೇಲಿ ಕೈಯಿಟ್ಟೇ ನಿದ್ದೆ ಹೋದ್ರು, ಅಲುಗಾಡಿಸಿದ್ರೂ ಏಳ್ಲಿಲ್ಲ" ಎಂದು ನಕ್ಕಳು. ನಾನೂ ಜೊತೆಗೆ ನಕ್ಕಿದ್ದೆ, ಕಣೋ. ಈಗ ಆ ನಗುವಿಗೆ ನನ್ನನ್ನೇ ಬಯ್ದುಕೊಳ್ಳುತ್ತಿದ್ದೇನೆ. ನಾನು ಡಾಕ್ಟರಲ್ಲ, ಒಪ್ಪಿದೆ. ನನ್ನದು ಬರೀ ಹೆದರುಪುಕ್ಕಲುತನವೇ ಇರಬಹುದು, ಇರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ. ಹೀಗೆ ಎಚ್ಚರ ತಪ್ಪುವುದು ಎದೆಯ ದೋಷದಿಂದಲೂ ಆಗುತ್ತದಂತೆ, ಒಂದನೇ ತಾರೀಕಿಗೆ ಮುಂಚೆ ಎದೆ ಪರೀಕ್ಷೆ ಮಾಡಿಸಿಕೋ. ಎತ್ತರದ ಕ್ರೇನಿಗೆ ನೀನು ಹತ್ತು ವರ್ಷ ಕಾದಿದ್ದು ನನಗೆ ಗೊತ್ತು.

ಮಕ್ಕಳಿಗೆ ಮುತ್ತು, ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನೀನು ನೂರು ಕಾಲ ಬಾಳು, ಸುಮ್ಮನೆ ಹರಸುತ್ತಿಲ್ಲ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಎರಡೂ ಕಾರ್ಡಿನ ನಕಲು, ತಟ್ಟೆಯ ಸಂಗತಿ, ಎಲ್ಲವನ್ನೂ ಬರೆದು ನಿನ್ನೆಯೇ ನಿಮ್ಮ ಬಂದರಿನ ಮೇಲಧಿಕಾರಿಗೆ ಕಳಿಸಿಬಿಟ್ಟೆ. ಈ ಕಾಗದಕ್ಕಿಂತ ಮುಂಚೆ ಅದು ತಲುಪುತ್ತದೆ. ಅಜ್ಜಿಯ ಹಾಗೆ ಗುಟ್ಟಾಗಿಡಲು ನನ್ನಿಂದಾಗದು, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆ ಕಾಗದದ ಕೆಳಗೆ ನನ್ನ ಹೆಸರು, ವಿಳಾಸ, ಎರಡನ್ನೂ ಹಾಕಿದ್ದೇನೆ. ಮೇಸ್ತ್ರಿಯನ್ನು ಬಯ್ಯಬೇಡ. ನನ್ನನ್ನು ಬಯ್ಯಿ. ಕಾಗದದಲ್ಲಿ ಬೇಡ, ಮನೆಗೆ ಬಂದು, ಎದುರಿಗೆ ನಿಂತು ಬಯ್ಯಿ.